ಅಂಕಪಟ್ಟಿಯನ್ನು ಓದುವ ಬಗೆ

ಹೊಲದ ಉತಾರವನ್ನು ಓದುವುದರಲ್ಲಿ ನಮ್ಮ ರಾಯಬಾಗ, ಚಿಕ್ಕೋಡಿ ಸೀಮೆಯ ರೈತ ಬಲು ಜಾಣ. ಅಕ್ಷರ ಅಷ್ಟಾಗಿ ಬಾರದವನೂ ಉತಾರ ಕೈಗೆ ಬಂತೆಂದರೆ ಯಾರ ಹೆಸರಿನ ಮುಂದೆ ಎಷ್ಟು ಗುಂಟೆ ನಿಂತಿದೆ, ಸೊಸೈಟಿಯ ಬೋಜಾ ಎಷ್ಟು ಕುಳಿತಿದೆ ಎಂಬುದನ್ನು ಕೇಳಿ ಕೇಳಿ ತಿಳಿದುಕೊಳ್ಳುತ್ತಾನೆ. ಸಂಶಯ ಬಂದರೆ ಇನ್ನೊಬ್ಬರಿಂದ ಮತ್ತೊಮ್ಮೆ ಓದಿಸುತ್ತಾನೆ. ಅದೇ ಮನೆಗೆ ಬೇಸಿಗೆಯಲ್ಲಿ ಇನ್ನೊಂದು ಕಾಗದ ಬರುತ್ತದೆ: ಮಗಳ ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಅದನ್ನು ಓದುವಾಗ ಈ ಜಾಣತನವೆಲ್ಲ ಎಲ್ಲಿಗೆ ಹೋಗುತ್ತದೆಯೋ ತಿಳಿಯದು. ಕೆಳಗಿನ ಮೊತ್ತವನ್ನು ನೋಡುತ್ತಾರೆ, ಎಲ್ಲಕ್ಕಿಂತ ಕಡಿಮೆ ಬಿದ್ದ ಒಂದು ಸಾಲನ್ನು ನೋಡುತ್ತಾರೆ, ಕೂಡಲೇ ತೀರ್ಪು ಹೊರಬೀಳುತ್ತದೆ: "ಇವಳ ತಲೆಗೆ ಗಣಿತ ಹತ್ತುವುದಿಲ್ಲ." ಹದಿನಾರರ ಹುಡುಗಿ ಆ ಮಾತನ್ನು ನಂಬುತ್ತಾಳೆ. ಅಂದಿನಿಂದ ವಿಜ್ಞಾನದ ಬಾಗಿಲು ಮುಚ್ಚಿತು. ಆ ಒಂದು ವಿಷಯದಲ್ಲಿ ನಪಾಸೇ ಆಗಿದ್ದರಂತೂ ಮರುಪರೀಕ್ಷೆಯ ಶುಲ್ಕ ಕಟ್ಟುವ ಮೊದಲೇ ವರನನ್ನು ನೋಡಿ ಬರುವ ಮನೆಗಳೂ ಉಂಟು.

ಕೃಷ್ಣೆಯ ಸೀಮೆಯ ದಿಗ್ಗೇವಾಡಿಯಂಥ ಒಂದು ಊರಿನಲ್ಲಿ ಈ ಕಾಗದದ ತುಂಡು ಒಂದು ಬಾಳಿನ ದಿಕ್ಕನ್ನೇ ಬದಲಿಸುತ್ತದೆ ಎಂದಮೇಲೆ ಅದರಲ್ಲಿ ನಿಜವಾಗಿ ಏನು ಬರೆದಿದೆ, ಏನು ಬರೆದಿಲ್ಲ ಎಂಬುದನ್ನು ಉತಾರವನ್ನು ಓದುವಷ್ಟೇ ನಿಗಾವಹಿಸಿ ಓದಬೇಕಲ್ಲವೇ? ಇಂದಿನ ಮಾತು ಅದನ್ನು ಕುರಿತದ್ದು.

ಮೊದಲು ಒಂದು ಪದವಿಚಾರ. ನಮ್ಮ ಗಡಿಭಾಗದಲ್ಲಿ ಎರಡು ನುಡಿಗಳು ಒಂದೇ ಓಣಿಯಲ್ಲಿ ಬಾಳುತ್ತವೆ. ಕನ್ನಡ ಶಾಲೆಯ ಹುಡುಗ ಪರೀಕ್ಷೆಯಲ್ಲಿ ತನಗೆ ಬಂದುದನ್ನು 'ಅಂಕ' ಎನ್ನುತ್ತಾನೆ. ಮರಾಠಿ ಶಾಲೆಯ ಅವನ ಗೆಳೆಯ ಅದನ್ನೇ 'ಗುಣ' ಎನ್ನುತ್ತಾನೆ. ಅವನ ಪಾಲಿಗೆ ಅಂಕಪಟ್ಟಿಯೆಂದರೆ 'ಗುಣಪತ್ರಿಕಾ'. ಅಂಕವೆಂದರೆ ಗುರುತು, ಮೊಲದ ಗುರುತನ್ನು ಹೊತ್ತ ಚಂದ್ರನನ್ನು ಶಶಾಂಕನೆನ್ನುವುದು ಅದಕ್ಕಾಗಿಯೇ. ಗುಣವೆಂಬುದು ವಸ್ತುವಿನ ಒಳಗೇ ಇರುವ ಸ್ವಭಾವ. ಹೊರಗಿನಿಂದ ಯಾರೋ ಒತ್ತಿದ ಗುರುತಿಗೂ ಒಳಗಿನಿಂದ ಬಂದ ಸ್ವಭಾವಕ್ಕೂ ಎಷ್ಟು ದೂರ! ನಾವು ಕನ್ನಡಿಗರು ಬಾಯಿಂದ ಅಂಕವೆಂದರೂ ಮನಸ್ಸಿನಲ್ಲಿ ಗುಣವೆಂದೇ ಓದಿಕೊಳ್ಳುತ್ತೇವೆ. ತೊಡಕೆಲ್ಲ ಅಲ್ಲಿಂದಲೇ ಪ್ರಾರಂಭ.

ಇನ್ನು ಪಟ್ಟಿಯ ಲೆಕ್ಕಕ್ಕೆ ಬರೋಣ. ನಮ್ಮ ರಾಜ್ಯದ ಹತ್ತನೆಯ ತರಗತಿಯ ಪರೀಕ್ಷೆಯ ಒಟ್ಟು ಅಂಕ 625. ಪ್ರಥಮ ಭಾಷೆಗೆ 125. ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಈ ಐದಕ್ಕೆ ತಲಾ 100. ಆದರೆ ಪ್ರತಿಯೊಂದು ಸಾಲೂ ಎರಡು ಕೈಗಳಿಂದ ಬಂದದ್ದು. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ ತಲಾ 20 ಅಂಕಗಳನ್ನು ಶಾಲೆಯೇ ಆಂತರಿಕ ಮೌಲ್ಯಮಾಪನದಲ್ಲಿ ಕೊಡುತ್ತದೆ. ಮಿಕ್ಕುದು ಮಂಡಳಿಯ ಲಿಖಿತ ಪರೀಕ್ಷೆಯಿಂದ. ಕೂಡಿಸಿ ನೋಡಿರಿ: 625ರಲ್ಲಿ 125, ಅಂದರೆ ಐದನೆಯ ಒಂದು ಪಾಲು, ಶಾಲೆಯ ಕೈಯಲ್ಲೇ ಇದೆ. ಶಾಲೆಗಳು ಈ ಪಾಲನ್ನು ಹಂಚುವಲ್ಲಿ ಸಾಮಾನ್ಯವಾಗಿ ಕೃಪಣರಲ್ಲ. ಆದುದರಿಂದ ಗಣಿತದಲ್ಲಿ 47 ಬಂದಿದೆಯೆಂದರೆ ಅದು 19 ಮತ್ತು 28 ಆಗಿರಬಹುದು, ಎಂಬತ್ತರಲ್ಲಿ ಇಪ್ಪತ್ತೆಂಟು. 'ಹತ್ತಿರ ಹತ್ತಿರ ಅರ್ಧ ಬಂತು' ಎಂಬ ಸಮಾಧಾನಕ್ಕೆ ಅಲ್ಲಿ ಆಧಾರವಿಲ್ಲ. ಪಟ್ಟಿಯಲ್ಲಿ ಎರಡೂ ಅಂಕಗಳು ಬೇರೆ ಬೇರೆಯಾಗಿಯೇ ಇರುತ್ತವೆ, ನೋಡುವವರು ಕಡಿಮೆ.

ಈ 625 ಎಂಬ ಸಂಖ್ಯೆಗೆ ಒಂದು ಸ್ವಾರಸ್ಯದ ಹಿಂದಣ ಕಥೆಯಿದೆ. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿತು. ಅದರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆದದ್ದು 1859ರಲ್ಲಿ. ಬೆಳಗಾವಿ, ಧಾರವಾಡದ ಕಡೆಯ ನಮ್ಮ ಹಿರಿಯರು ಕುಳಿತದ್ದು ಆ ಪರೀಕ್ಷೆಗೇ. 1887ರಲ್ಲಿ ರಾಜಕೋಟದ ಹೈಸ್ಕೂಲಿನ ಒಬ್ಬ ವಿದ್ಯಾರ್ಥಿ ಅದಕ್ಕೆ ಕುಳಿತನು. ಹೆಸರು ಮೋಹನದಾಸ ಕರಮಚಂದ ಗಾಂಧಿ. ಅವನಿಗೆ ಇಂಗ್ಲಿಷಿನಲ್ಲಿ 200ಕ್ಕೆ 89, ಗುಜರಾತಿಯಲ್ಲಿ 100ಕ್ಕೆ 45½, ಗಣಿತದಲ್ಲಿ 175ಕ್ಕೆ 59, ಸಾಮಾನ್ಯ ಜ್ಞಾನದಲ್ಲಿ 150ಕ್ಕೆ 54 ಬಂದವು. ಒಟ್ಟು 625ಕ್ಕೆ 247½. ಉತ್ತೀರ್ಣರಾದ ಎಂಟುನೂರು ಚಿಲ್ಲರೆ ಜನರಲ್ಲಿ ಅವನದು 404ನೆಯ ಸ್ಥಾನ. ಮೊತ್ತ ನಮ್ಮದಕ್ಕೇ ಸರಿಯಾಗಿ ಹೊಂದುವುದು ಕಾಕತಾಳೀಯವಿರಬಹುದು. ನೋಡಬೇಕಾದದ್ದು ಅದರ ಒಳಗಿನ ಹಂಚಿಕೆಯನ್ನು. ಅಲ್ಲಿ ಇಂಗ್ಲಿಷಿಗೆ ಹುಡುಗನ ತಾಯ್ನುಡಿಯ ಎರಡರಷ್ಟು ತೂಕ. ಇಂದು ನಮ್ಮ ಕನ್ನಡ ಶಾಲೆಯಲ್ಲಿ ಕನ್ನಡಕ್ಕೆ 125, ಇಂಗ್ಲಿಷಿಗೆ 100. ಅದೇ ಹುಡುಗ, ಅದೇ ಓದು ಎಂದಿಟ್ಟುಕೊಂಡರೂ ಈ ಎರಡು ತಕ್ಕಡಿಗಳಲ್ಲಿ ಬೇರೆ ಬೇರೆ ತೂಕ ಬರುತ್ತದೆ. ಯಾವ ವಿಷಯಕ್ಕೆ ಎಷ್ಟು ಅಂಕವೆಂಬುದನ್ನು ದೇವರು ನಿರ್ಣಯಿಸಿಲ್ಲ. ಒಂದು ಕಾಲದ ಸರಕಾರ, ಒಂದು ಕಾಲದ ಸಮಾಜ ನಿರ್ಣಯಿಸಿರುತ್ತದೆ.

ಗಾಂಧೀಜಿಯವರ ಪಟ್ಟಿಯಲ್ಲಿ ಶೇಕಡಾವಾರು ನೋಡಿದರೆ ಅತ್ಯಂತ ಕೆಳಗಿರುವುದು ಗಣಿತ. ಹಾಗಾದರೆ ಗಣಿತ ಅವರ ತಲೆಗೆ ಹತ್ತಲಿಲ್ಲವೆನ್ನೋಣವೇ? ಅವರ ಆತ್ಮಕಥೆಯನ್ನು ಓದಿದವರಿಗೆ ಬೇರೊಂದು ಸಂಗತಿ ನೆನಪಿರಬೇಕು. ನಾಲ್ಕನೆಯ ಇಯತ್ತೆಗೆ ಬಂದಾಗ ಹೆಚ್ಚಿನ ಪಾಠಗಳು ಇಂಗ್ಲಿಷಿಗೆ ತಿರುಗಿದವು. ಮೊದಲೇ ಒಲಿಯದ ರೇಖಾಗಣಿತ ಇಂಗ್ಲಿಷಿನಲ್ಲಿ ಬಂದು ಇನ್ನಷ್ಟು ಕಬ್ಬಿಣದ ಕಡಲೆಯಾಯಿತು. ಯೂಕ್ಲಿಡ್ಡನ ಹದಿಮೂರನೆಯ ಪ್ರಮೇಯಕ್ಕೆ ಬಂದಾಗ ಒಮ್ಮೆಲೇ ಬೆಳಕಾಗಿ, ಇದು ಕೇವಲ ತರ್ಕದಿಂದ ಸಾಗುವ ಸುಲಭ ವಿಷಯವೆಂದು ಅವರಿಗೆ ಅನಿಸಿತು. ಅವರನ್ನು ನಿಜವಾಗಿ ಕಾಡಿದ್ದು ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿದ್ದ ಸಂಸ್ಕೃತ. ಅದನ್ನು ಬಿಟ್ಟು ಸುಲಭವೆನಿಸಿದ ಫಾರಸಿಯ ವರ್ಗದಲ್ಲಿ ಹೋಗಿ ಕುಳಿತ ಹುಡುಗನನ್ನು ಸಂಸ್ಕೃತದ ಗುರುಗಳು ಪ್ರೀತಿಯಿಂದ ಮರಳಿ ಕರೆದರು. ಮುಂದೆ ಆ ಗುರುವನ್ನು ಅವರು ಕೃತಜ್ಞತೆಯಿಂದ ನೆನೆದರು. ಒಲಿದ ವಿಷಯ ಯಾವುದು, ಒಲಿಯದ್ದು ಯಾವುದು ಎಂಬ ಇಂಥ ಒಳಗಿನ ಕಥೆಯ ಸುಳಿವನ್ನು 89, 45½, 59, 54 ಎಂಬ ನಾಲ್ಕು ಸಂಖ್ಯೆಗಳು ಕೊಡುವುದಿಲ್ಲ.

ಒಂದೂಕಾಲು ಶತಮಾನ ಕಳೆದರೂ ಈ ಕಥೆ ನಮ್ಮಲ್ಲಿ ಹಳೆಯದಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯ ವಿಜ್ಞಾನಕ್ಕೆ ತೊಂಬತ್ತು ಪಡೆದ ಹುಡುಗ ರಾಯಬಾಗಕ್ಕೋ ಚಿಕ್ಕೋಡಿಗೋ ಹೋಗಿ ಪದವಿಪೂರ್ವ ಕಾಲೇಜಿನ ವಿಜ್ಞಾನ ಶಾಖೆಗೆ ಸೇರುತ್ತಾನೆ. ಅಲ್ಲಿ ಪುಸ್ತಕ ಇಂಗ್ಲಿಷಿನದು. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ನಾಲ್ವತ್ತು ಬೀಳುತ್ತದೆ. ಬೇಸಿಗೆಯ ಎರಡು ತಿಂಗಳಲ್ಲಿ ಅವನ ಬುದ್ಧಿ ಅರ್ಧಕ್ಕಿಳಿಯಿತೇ? ಗುರುತ್ವಾಕರ್ಷಣೆ ಅದೇ, ವಿದ್ಯುತ್ತು ಅದೇ. ಬದಲಾದದ್ದು ಪ್ರಶ್ನೆ ಕೇಳುವ ಬಾಯಿ. ಆದರೆ ಹುಡುಗ ಬರೆದುಕೊಳ್ಳುವುದು 'ನನಗೆ ಇಂಗ್ಲಿಷ್ ಇನ್ನೂ ಬಂದಿಲ್ಲ' ಎಂದಲ್ಲ. 'ನನಗೆ ಫಿಜಿಕ್ಸ್ ಆಗುವುದಿಲ್ಲ' ಎಂದು. ಮಗುವೊಂದು ತನ್ನ ಕುರಿತು ತಾನೇ ಬರೆದುಕೊಳ್ಳುವ ಇಂಥ ತಪ್ಪು ದಾಖಲೆಯನ್ನು ಆಮೇಲೆ ತಿದ್ದುವುದು ಬಹಳ ಕಷ್ಟ.

ಗಡಿಯಲ್ಲಿ ಈ ಗಂಟಿಗೆ ಇನ್ನೊಂದು ಎಳೆಯಿದೆ. ರಾಯಬಾಗದ ಭಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ದರಬಾರಿನ ಭಾಷೆ ಮರಾಠಿ. ಮನೆಯಲ್ಲಿ ಅಚ್ಚ ಕನ್ನಡವಾಡಿ, ಲೆಕ್ಕಪತ್ರವನ್ನು ಮರಾಠಿಯಲ್ಲಿ ಬರೆಯುವ ಹಿರಿಯರು ಈ ಸೀಮೆಯಲ್ಲಿ ಬಹುಕಾಲ ಇದ್ದರು. ಇಂದು ಗಡಿಯ ಮರಾಠಿ ಮಾಧ್ಯಮದ ಮಗುವಿಗೆ ಮರಾಠಿ ಪ್ರಥಮ ಭಾಷೆಯಾಗಿ 125 ಅಂಕದ್ದು, ಕನ್ನಡ 100 ಅಂಕದ್ದು. ಆ ಮಗುವಿನ ಪಟ್ಟಿಯಲ್ಲಿ ಕನ್ನಡವೇ ತೀರ ಕೆಳಗಿನ ಸಾಲಾಗಿರುವುದು ಅಪರೂಪವಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಅದೇ ಮಗು ನಿರಾಯಾಸವಾಗಿ ಕನ್ನಡವಾಡುತ್ತದೆ! ಪರೀಕ್ಷೆ ಕೇಳುವ ಕನ್ನಡ ಬೇರೆ, ಓಣಿಯ ಕನ್ನಡ ಬೇರೆ. ನಮ್ಮ ಕನ್ನಡ ಮನೆಗಳ ಮಕ್ಕಳೂ ವ್ಯಾಕರಣದಲ್ಲಿ ಎಡವುವುದು ಇದೇ ಕಂದಕದಲ್ಲಿ.

ಭಾಷೆಯ ಮಾತು ಹೀಗಾಯಿತು. ಗಣಿತದ ಮಾತು ಬೇರೆ. ಅತಿ ಹೆಚ್ಚು ಮಕ್ಕಳು ಎಡವುವ ವಿಷಯಗಳಲ್ಲಿ ಅದೂ ಒಂದು ಎಂಬುದು ಎಲ್ಲರಿಗೂ ಗೊತ್ತು. ಏಕೆಂಬುದನ್ನು ಕೇಳುವವರು ಕಡಿಮೆ. ಸಮಾಜ ವಿಜ್ಞಾನದಲ್ಲಿ ವಿಜಯನಗರದ ಪಾಠ ನಡೆಯುವಾಗ ಜ್ವರ ಬಂದು ಮಲಗಿದ ಮಗು ಮರಳಿ ಬಂದು ಬಹಮನಿ ರಾಜ್ಯದ ಪಾಠವನ್ನು ಕೇಳಬಲ್ಲದು. ನಷ್ಟ ಒಂದು ಪಾಠದ್ದು ಮಾತ್ರ. ಗಣಿತ ಹಾಗಲ್ಲ. ಅದು ಬಾವಿಯ ಮೆಟ್ಟಿಲಿನಂತೆ. ಐದನೆಯ ಇಯತ್ತೆಯಲ್ಲಿ ಭಿನ್ನರಾಶಿಯ ಮೆಟ್ಟಿಲು ತಪ್ಪಿದರೆ ಏಳರಲ್ಲಿ ಅನುಪಾತಕ್ಕೆ ಕಾಲಿಡಲು ಬರುವುದಿಲ್ಲ, ಎಂಟರಲ್ಲಿ ಬೀಜಗಣಿತ ಕಾಣುವುದೇ ಇಲ್ಲ, ಹತ್ತರಲ್ಲಿ ವರ್ಗಸಮೀಕರಣವೆಂದರೆ ಕತ್ತಲೆ. ನಮ್ಮ ಸೀಮೆಯಲ್ಲಿ ಮೆಟ್ಟಿಲು ತಪ್ಪಲು ಕಾರಣಗಳಿಗೇನು ಕೊರತೆ? ದೀಪಾವಳಿಯ ಸುಮಾರಿಗೆ ಕಾರಖಾನೆ ಹೊಗೆಯಾಡಲಾರಂಭಿಸಿದರೆ ಬೇಸಿಗೆಯವರೆಗೆ ಕಬ್ಬಿನ ಸುಗ್ಗಿ. ಕಬ್ಬು ಕಡಿಯುವ ತಂಡಗಳ ಹಿಂದೆ ಮಕ್ಕಳೂ ಊರೂರು ತಿರುಗುತ್ತಾರೆ. ಸ್ವಂತ ಹೊಲವಿದ್ದ ಮನೆಯಲ್ಲೂ ದನಗಳಿಗೆ ಕಬ್ಬಿನ ವಾಡಿ ತರಲು ಒಂದೆರಡು ದಿನ ಶಾಲೆ ತಪ್ಪುತ್ತದೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆ. ಕೃಷ್ಣೆಗೆ ಮಹಾಪೂರ ಬಂದ 2005ರ, 2019ರ ವರ್ಷಗಳಲ್ಲಂತೂ ನದಿಯ ಬದಿಯ ಎಷ್ಟೋ ಶಾಲೆಗಳು ಪಾಠದ ಬದಲು ನಿರಾಶ್ರಿತರನ್ನು ಕಂಡವು. ಇವೆಲ್ಲ ಯಾವ ಅಂಕಪಟ್ಟಿಯಲ್ಲಿ ಬರುತ್ತವೆ? ಐದನೆಯ ಇಯತ್ತೆಯ ಒಂದು ತಿಂಗಳ ಗೈರುಹಾಜರಿ ಐದು ವರ್ಷಗಳ ಮೇಲೆ 'ದಡ್ಡತನ'ವೆಂಬ ಹೆಸರಿನಿಂದ ಪ್ರಕಟವಾಗುತ್ತದೆ.

ಇನ್ನು ಸ್ವಲ್ಪ ಸೂಕ್ಷ್ಮವಾದ ಒಂದು ಲೆಕ್ಕವಿದೆ. ಅದರ ಕಡೆಗೆ ತಮ್ಮ ಗಮನವನ್ನು ಬೇಡುತ್ತೇನೆ. ಒಬ್ಬ ಹುಡುಗನಿಗೆ ಕನ್ನಡದಲ್ಲಿ ನೂರಕ್ಕೆ ಎಪ್ಪತ್ತು, ಗಣಿತದಲ್ಲಿ ನೂರಕ್ಕೆ ಅರವತ್ತು ಬಂದಿದೆಯೆನ್ನಿ. ಅವನ ಗಟ್ಟಿಯಾದ ವಿಷಯ ಯಾವುದು? ಕನ್ನಡವೆಂದು ಮನೆಯವರು ಹೇಳುತ್ತಾರೆ. ಆದರೆ ಆ ತರಗತಿಯ ಸರಾಸರಿ ಕನ್ನಡದಲ್ಲಿ ಎಂಬತ್ತೈದು, ಗಣಿತದಲ್ಲಿ ನಾಲ್ವತ್ತು ಇದ್ದರೆ? ಅವನು ಕನ್ನಡದಲ್ಲಿ ಸರಾಸರಿಗಿಂತ ಹಿಂದೆ, ಗಣಿತದಲ್ಲಿ ಸರಾಸರಿಗಿಂತ ಮುಂದೆ. ಎರಡು ವಿಷಯಗಳ ಅಂಕಗಳನ್ನು ನೇರವಾಗಿ ಹೋಲಿಸುವುದೆಂದರೆ ಜೋಳದ ಸೇರನ್ನೂ ಎಣ್ಣೆಯ ಸೇರನ್ನೂ ಒಂದೇ ಎಂದಂತೆ. ಸರಾಸರಿ ತಿಳಿಯದೆ 'ಇದು ಬರುತ್ತದೆ, ಅದು ಬಾರದು' ಎಂದು ಹೇಳಲಾಗದು. ಆ ಸರಾಸರಿಯನ್ನು ನಮ್ಮ ಅಂಕಪಟ್ಟಿ ಮುದ್ರಿಸುವುದಿಲ್ಲ.

ಇದಕ್ಕೆ ಹೊಂದಿಕೊಂಡ ಮತ್ತೊಂದು ಮಾತು. ಭಾಷೆಯ ಪತ್ರಿಕೆಯಲ್ಲಿ ಅಂಕಗಳು ಹೆಚ್ಚಾಗಿ ಒಂದೆಡೆ ಗುಂಪುಗೂಡುತ್ತವೆ. ಗಣಿತದಲ್ಲಿ ಹತ್ತರಿಂದ ನೂರರವರೆಗೆ ಚದರಿಹೋಗುತ್ತವೆ. ಇಬ್ಬರು ಗೆಳತಿಯರಿದ್ದಾರೆನ್ನಿ. ಕನ್ನಡದಲ್ಲಿ ಒಬ್ಬಳಿಗೆ 125ಕ್ಕೆ 112, ಇನ್ನೊಬ್ಬಳಿಗೆ 100. ಗಣಿತದಲ್ಲಿ ಮೊದಲಿನವಳಿಗೆ 38, ಎರಡನೆಯವಳಿಗೆ 92. ಕನ್ನಡದ ಅಂತರ ಹನ್ನೆರಡು, ಗಣಿತದ ಅಂತರ ಐವತ್ತನಾಲ್ಕು. ಕಾಗದದ ಮೇಲೆ ಕನ್ನಡಕ್ಕೆ ಹೆಚ್ಚಿನ ತೂಕ. ಸ್ಥಾನವನ್ನು ನಿರ್ಣಯಿಸಿದ್ದು ಗಣಿತ. ಯಾವ ವಿಷಯದಲ್ಲಿ ಅಂಕಗಳು ಹೆಚ್ಚು ಹರಡುತ್ತವೆಯೋ ಅದೇ ಮೊತ್ತದ ಯಜಮಾನ. ಕಾವ್ಯವನ್ನು ಬಹಳ ಚೆನ್ನಾಗಿ ಓದಬಲ್ಲ ಹುಡುಗಿ ಒಟ್ಟಿನಲ್ಲಿ ಹಿಂದೆ ಬೀಳುವುದು ಹೀಗೆ. ಎಲ್ಲರಿಗೂ ಎಂಬತ್ತು ಕೊಡುವ ಪತ್ರಿಕೆಯಲ್ಲಿ ಆಕೆಯ ರಸಿಕತೆಗೆ ಬೆಲೆ ಕಟ್ಟಲು ಜಾಗವಾದರೂ ಎಲ್ಲಿದೆ?

ಅಂಕ ಸುಲಭವಾಗಿ ಬರುವ ವಿಷಯದ ಆಕರ್ಷಣೆ ಎಂಥದೆಂಬುದನ್ನು ಕರ್ನಾಟಕ ಒಮ್ಮೆ ಬೀದಿಯಲ್ಲಿಯೇ ಕಂಡಿತು. ಪ್ರಥಮ ಭಾಷೆಯಾಗಿ ಸಂಸ್ಕೃತವನ್ನು ಆರಿಸಿಕೊಂಡರೆ ಹೆಚ್ಚು ಅಂಕ ಗಳಿಸಬಹುದೆಂಬ ಲೆಕ್ಕಾಚಾರದಿಂದ, ಕನ್ನಡವನ್ನು ಓದದೆಯೇ ಪ್ರೌಢಶಾಲೆಯನ್ನು ಮುಗಿಸುವ ಕನ್ನಡ ಮಕ್ಕಳಿದ್ದರು. ಈ ಪ್ರಶ್ನೆಯ ವಿಚಾರಣೆಗೆ 1980ರಲ್ಲಿ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಗೋಕಾಕರು ನಮ್ಮ ನೆರೆಯ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರಾಗಿ ಗಡಿಯ ಹವೆಯನ್ನು ಬಲ್ಲವರು. 1981ರ ಜನವರಿಯಲ್ಲಿ ಅವರು ಕೊಟ್ಟ ವರದಿ, ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕವಿರಬೇಕು ಎಂದಿತು. ಅದರ ಜಾರಿಗಾಗಿ 1982ರಲ್ಲಿ ನಡೆದ ಚಳವಳಿಯನ್ನು, ಅದರಲ್ಲಿ ರಾಜಕುಮಾರರು ಧುಮುಕಿದ್ದನ್ನು ನಾಡೆಲ್ಲ ಬಲ್ಲದು. ಭಾಷಾಭಿಮಾನದ ದೊಡ್ಡ ಅಧ್ಯಾಯವೆಂದು ಅದನ್ನು ನೆನೆಯುತ್ತೇವೆ, ಸರಿಯೇ. ಆದರೆ ಅದರ ತಿರುಳಿನಲ್ಲಿದ್ದದ್ದು ಅಂಕಪಟ್ಟಿಯ ಮೊದಲ ಸಾಲು ಎಂಬುದನ್ನು ಮರೆಯಲಾಗದು. ಯಾವ ವಿಷಯಕ್ಕೆ ಎಷ್ಟು ಅಂಕ ಎಂಬುದು ಶಿಕ್ಷಕರ ಕೋಣೆಯೊಳಗಿನ ಸಣ್ಣ ಸಂಗತಿಯಲ್ಲವೆಂದು ಜನ ಅಂದು ಸರಿಯಾಗಿಯೇ ಗ್ರಹಿಸಿದರು.

ಇಷ್ಟು ಹೊತ್ತು ಪ್ರಶ್ನಪತ್ರಿಕೆಯನ್ನು, ಮಗುವನ್ನು ನೋಡಿದೆವು. ಮೂರನೆಯ ಪಾತ್ರಧಾರಿ ಇನ್ನೂ ರಂಗಕ್ಕೆ ಬಂದಿಲ್ಲ: ಉತ್ತರಪತ್ರಿಕೆಯನ್ನು ತಿದ್ದುವವರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು 1912ರಲ್ಲಿ ಒಂದು ಪ್ರಯೋಗ ಮಾಡಿದರು. ಇಂಗ್ಲಿಷಿನ ಒಂದೇ ಉತ್ತರಪತ್ರಿಕೆಯ ಪ್ರತಿಗಳನ್ನು ಅನೇಕ ಪ್ರೌಢಶಾಲೆಗಳಿಗೆ ಕಳಿಸಿ ತಿದ್ದಿಸಿದರು. 142 ಶಿಕ್ಷಕರು ತಿದ್ದಿ ಕಳಿಸಿದರು. ಒಬ್ಬರ ಅಂಕಕ್ಕೂ ಇನ್ನೊಬ್ಬರ ಅಂಕಕ್ಕೂ ನಲವತ್ತರ ಮೇಲೆ ಅಂತರ! ಭಾಷೆಯ ವಿಷಯವಲ್ಲವೇ, ರುಚಿಭೇದವಿದ್ದೀತು ಎಂದು ಆಕ್ಷೇಪ ಬಂತು. ಮರುವರ್ಷ ಅವರು ರೇಖಾಗಣಿತದ ಪತ್ರಿಕೆಯನ್ನೇ ಹೀಗೆ ತಿದ್ದಿಸಿದರು. ಅಂತರ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಒಂದೇ ಪತ್ರಿಕೆಗೆ ಒಬ್ಬರು 28 ಕೊಟ್ಟಿದ್ದರು, ಇನ್ನೊಬ್ಬರು 90ಕ್ಕೂ ಮೇಲೆ. ಅಂದವಿಲ್ಲದ ಬರಹಕ್ಕೆ ಕಡಿತ ಮಾಡಬೇಕೇ, ದಾರಿ ಸರಿಯಿದ್ದು ಕೊನೆಯ ಉತ್ತರ ತಪ್ಪಿದರೆ ಎಷ್ಟು ಕೊಡಬೇಕು ಎಂಬಲ್ಲೆಲ್ಲ ಒಬ್ಬೊಬ್ಬರದು ಒಂದೊಂದು ನ್ಯಾಯ. ಇಂಗ್ಲೆಂಡಿನಲ್ಲಿ ಹಾರ್ಟೋಗ್ ಮತ್ತು ರೋಡ್ಸ್ 1935ರಲ್ಲಿ ಪ್ರಕಟಿಸಿದ ಪರಿಶೀಲನೆ ಇದಕ್ಕಿಂತ ಕಟುವಾದದ್ದು. ಈ ಹಾರ್ಟೋಗ್ ಮಹಾಶಯರು ಢಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ನಮ್ಮ ದೇಶದ ಪರೀಕ್ಷೆಗಳನ್ನೂ ಹತ್ತಿರದಿಂದ ಕಂಡವರು. ಇತಿಹಾಸದ ಹದಿನೈದು ಉತ್ತರಪತ್ರಿಕೆಗಳನ್ನು ಹದಿನಾಲ್ಕು ಪರೀಕ್ಷಕರು ತಿದ್ದಿದರು. ಒಂದು ವರ್ಷಕ್ಕೂ ಮಿಕ್ಕಿ ಕಾಲ ಕಳೆದಮೇಲೆ, ಮೊದಲಿನ ಅಂಕ ತಿಳಿಸದೆ, ಅದೇ ಜನರ ಕೈಯಲ್ಲಿ ಅವನ್ನೇ ಮತ್ತೆ ತಿದ್ದಿಸಲಾಯಿತು. 210 ತೀರ್ಪುಗಳಲ್ಲಿ 92 ಬದಲಾದವು. ಪಾಸಾದವರು ನಪಾಸಾದರು, ನಪಾಸಾದವರು ಮೇಲೇರಿದರು. ಇನ್ನೊಬ್ಬರೊಡನೆ ಭೇದ ಹಾಗಿರಲಿ, ತನ್ನೊಡನೆ ತಾನೇ ಸಹಮತವಾಗುವುದೂ ಪರೀಕ್ಷಕನಿಗೆ ಕಷ್ಟವಾಯಿತು.

ಅಂದಿನಿಂದ ಮಾದರಿ ಉತ್ತರ, ಹಂತಹಂತದ ಅಂಕ, ಮೇಲ್ವಿಚಾರಕರ ಮರುನೋಟ ಇವೆಲ್ಲ ಬಂದು ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಬೇಸಿಗೆಯ ಧಗೆಯಲ್ಲಿ ಕಟ್ಟುಕಟ್ಟು ಪತ್ರಿಕೆಗಳನ್ನು ತಿದ್ದುವ ನಮ್ಮ ಶಿಕ್ಷಕರನ್ನು ನಾನು ದೂಷಿಸುತ್ತಿಲ್ಲ. ನಾನು ಹೇಳುವುದಿಷ್ಟೆ: ಎರಡು ಮೂರು ಅಂಕಗಳ ಅಂತರಕ್ಕೆ ಯಾವ ಅರ್ಥವೂ ಇಲ್ಲ. ಆದರೆ ನಮ್ಮ ವ್ಯವಸ್ಥೆ ಒಂದೇ ಅಂಕದ ಮೇಲೆ ಗೋಡೆ ಕಟ್ಟುತ್ತದೆ. ಎಸ್.ಎಸ್.ಎಲ್.ಸಿ. ಪಟ್ಟಿಯಲ್ಲಿ ಶ್ರೇಣಿಗಳನ್ನು ತಂದಾಗ 563ರಿಂದ 625ರವರೆಗೆ 'ಎ ಪ್ಲಸ್' ಎಂದೂ 500ರಿಂದ 562ರವರೆಗೆ 'ಎ' ಎಂದೂ ಗೆರೆ ಎಳೆಯಲಾಯಿತು. ಅಂಕಗಳ ಹುಚ್ಚು ಓಟವನ್ನು ತಡೆಯಲು ಬಂದ ಶ್ರೇಣಿ ಕೆಲಸ ಮಾಡಿದ್ದು ಹೇಗೆ ನೋಡಿರಿ: 501 ಪಡೆದವನೂ 562 ಪಡೆದವನೂ ಒಂದೇ ಮನೆಯವರು, 562ರವನೂ 563ರವನೂ ಬೇರೆ ಬೇರೆ ಜಾತಿಯವರು. ಆ ಲೆಕ್ಕದಲ್ಲಿ ಗಾಂಧೀಜಿ ತಮ್ಮ 247½ರೊಂದಿಗೆ ಕೊನೆಯ 'ಸಿ' ಶ್ರೇಣಿಯಲ್ಲಿ ಕೂಡುತ್ತಿದ್ದರು!

ಪಾಸಿನ ಗೆರೆಯದಂತೂ ಇನ್ನೂ ವಿಚಿತ್ರ. ಬಹುಕಾಲ ನಮ್ಮಲ್ಲಿ ಅದು ನೂರಕ್ಕೆ 35. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡಾ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಣು ಬಂತು. ಕೃಪಾಂಕವನ್ನು ಇಮ್ಮಡಿಗೊಳಿಸಿದರೂ ಮೊದಲ ಪರೀಕ್ಷೆಯ ಫಲಿತಾಂಶ 73.40ಕ್ಕೆ ಇಳಿಯಿತು. 2025ರ ಅಕ್ಟೋಬರದಲ್ಲಿ ಸರಕಾರ ಗೆರೆಯನ್ನೇ ಕೆಳಗಿಳಿಸಿತು: ಒಟ್ಟು 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ 30. ಇಳಿಸಿದ್ದು ತಪ್ಪೆಂದು ಕೆಲವರ ವಾದ, ಸರಿಯೆಂದು ಕೆಲವರದು. ನನಗೆ ತೋರುವುದು ಬೇರೆ. 32 ಪಡೆದ ಹುಡುಗಿ ಒಂದು ವರ್ಷ ನಪಾಸಾಗಿ ಮನೆಯಲ್ಲಿ ಕುಳಿತಳು. ಅಷ್ಟೇ ಪಡೆದ ಅವಳ ತಂಗಿ ಇನ್ನೊಂದು ವರ್ಷ ಪಾಸಾಗಿ ಕಾಲೇಜಿಗೆ ಹೋದಾಳು. ಇಬ್ಬರಿಗೂ ಬರುವ ಗಣಿತ ಒಂದೇ. ನಪಾಸು ಎಂಬುದು ಅಕ್ಕನ ಗುಣವಾಗಿರಲಿಲ್ಲ. ಗೆರೆ ಇದ್ದ ಜಾಗವಾಗಿತ್ತು.

ಕಾಲೇಜಿನ ಪಟ್ಟಿಯದು ಬೇರೆಯೇ ವ್ಯಾಕರಣ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ಕಾಲದಲ್ಲಿ ನಮ್ಮ ಪದವೀಧರರು ಪ್ರಥಮ ವರ್ಗ, ದ್ವಿತೀಯ ವರ್ಗ ಎಂಬ ಮಾತನ್ನಾಡುತ್ತಿದ್ದರು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಕೆಲ ವರ್ಷಗಳಲ್ಲಿ ದೇಶದೆಲ್ಲೆಡೆ ಹತ್ತರ ಮಾನದ ಶ್ರೇಣಿ ಸರಾಸರಿ ಬಂತು. ಇಲ್ಲಿ ಪ್ರತಿ ವಿಷಯಕ್ಕೂ 'ಕ್ರೆಡಿಟ್' ಎಂಬ ತೂಕವಿದೆ. ನಾಲ್ಕು ಕ್ರೆಡಿಟ್ಟಿನ ವಿಷಯದಲ್ಲಿ ಶ್ರೇಣಿ 6, ಎರಡು ಕ್ರೆಡಿಟ್ಟಿನದರಲ್ಲಿ 9 ಬಂದರೆ ಸರಾಸರಿ ಏಳೂವರೆಯಲ್ಲ. ಇಪ್ಪತ್ತನಾಲ್ಕಕ್ಕೆ ಹದಿನೆಂಟು ಸೇರಿಸಿ ಆರರಿಂದ ಭಾಗಿಸಿ, 7. ದುರ್ಬಲ ವಿಷಯ ಎಷ್ಟು ಎಳೆಯುತ್ತದೆಂಬುದು ಅದರ ಕ್ರೆಡಿಟ್ಟನ್ನು ಅವಲಂಬಿಸಿದೆ. ಇಷ್ಟನ್ನು ಮೊದಲ ಸೆಮಿಸ್ಟರಿನಲ್ಲಿಯೇ ಮಕ್ಕಳಿಗೆ ತಿಳಿಸಿದರೆ ಮೂರನೆಯ ವರ್ಷದ ಅಳು ಎಷ್ಟೋ ತಪ್ಪುತ್ತದೆ.

ಸ್ಥಾನಮಾನದ ಪಟ್ಟಿಯನ್ನು ಕಿತ್ತುಹಾಕಿದ ಒಂದು ಪ್ರಸಿದ್ಧ ಉದಾಹರಣೆಯನ್ನೂ ಹೇಳಬೇಕು. ಅದಕ್ಕೂ ನಮ್ಮ ಜಿಲ್ಲೆಗೂ ಸಂಬಂಧವಿದೆ. ಕೇಂಬ್ರಿಜ್ಜಿನ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ವರ್ಗದವರನ್ನು 'ರ‍್ಯಾಂಗ್ಲರ್' ಎನ್ನುತ್ತಾರೆ. ಅವರನ್ನು ಒಂದು, ಎರಡು, ಮೂರು ಎಂದು ಸ್ಥಾನ ಹಚ್ಚಿ ಪ್ರಕಟಿಸುವ ರೂಢಿಯಿತ್ತು. 1899ರಲ್ಲಿ ಕೊಂಕಣದ ರಘುನಾಥ ಪರಾಂಜಪೆ ಸೀನಿಯರ್ ರ‍್ಯಾಂಗ್ಲರ್ ಆದಾಗ ದೇಶವೇ ಹಿಗ್ಗಿತು. ಆದರೆ ಸ್ಥಾನಕ್ಕಾಗಿ ತರಬೇತಿ ಕೊಡುವ ಗುರುಗಳು, ಕುದುರೆಗಳಂತೆ ಓಡುವ ಹುಡುಗರು, ಇವರ ನಡುವೆ ಗಣಿತವೇ ಬಡವಾಗುತ್ತಿದೆಯೆಂಬ ಕೊರಗು ಬೆಳೆದು, 1909ರ ಪಟ್ಟಿಯೇ ಕೊನೆಯದಾಯಿತು. ಟ್ರೈಪಾಸಿನ ಕಡು ಟೀಕಾಕಾರರಲ್ಲಿ ಒಬ್ಬರು, 1898ರಲ್ಲಿ ತಾವೇ ನಾಲ್ಕನೆಯ ರ‍್ಯಾಂಗ್ಲರ್ ಆಗಿದ್ದ ಹಾರ್ಡಿ. ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಮತ್ತೆ ಮತ್ತೆ ನಪಾಸಾಗಿ ಎಫ್.ಎ. ಪರೀಕ್ಷೆಯನ್ನೇ ದಾಟಲಾರದೆ ಉಳಿದ ರಾಮಾನುಜನ್ನರ ಪತ್ರವನ್ನು 1913ರಲ್ಲಿ ಓದಿ ಗುರುತಿಸಿದವರೂ ಅವರೇ. ಈ ರಾಮಾನುಜನ್ನರ ಕಥೆಯನ್ನು ನಪಾಸಾದ ಪ್ರತಿಯೊಬ್ಬ ಹುಡುಗನಿಗೂ ಸಾಂತ್ವನಕ್ಕಾಗಿ ಹೇಳುವ ರೂಢಿ ನನಗೆ ಅಷ್ಟು ಸರಿದೋರುವುದಿಲ್ಲ. ಇಂಗ್ಲಿಷಿನಲ್ಲಿ ಮೂವತ್ತು ಬಿದ್ದವರೆಲ್ಲ ಗಣಿತದಲ್ಲಿ ರಾಮಾನುಜನ್ನರಾಗುವುದಿಲ್ಲ. ಆಗಬೇಕಾದ ಅಗತ್ಯವೂ ಇಲ್ಲ. ಗೋಕಾಕದ ಹತ್ತಿರದ ಮಮದಾಪುರದಲ್ಲಿ, ಪರಾಂಜಪೆಯವರು ಸೀನಿಯರ್ ರ‍್ಯಾಂಗ್ಲರ್ ಆದ ಅದೇ 1899ರಲ್ಲಿ ಹುಟ್ಟಿದ ದಾದಪ್ಪ ಚಿಂತಪ್ಪ ಪಾವಟೆಯವರು ಸ್ಥಾನದ ಪಟ್ಟಿ ರದ್ದಾದ ಮೇಲೆ ಕೇಂಬ್ರಿಜ್ಜಿಗೆ ಹೋಗಿ ರ‍್ಯಾಂಗ್ಲರ್ ಆದರು. ಎಷ್ಟನೆಯವರೆಂದು ಯಾರೂ ಹೇಳಲಾರರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸುವಾಗ ಆ ಸಂಖ್ಯೆ ಇಲ್ಲದ್ದರಿಂದ ಅವರಿಗೇನೂ ಕೊರತೆಯಾಗಲಿಲ್ಲ.

ಹಾಗಾದರೆ ಅಂಕವೇ ಬೇಡವೇ ಎಂದು ತಾವು ಕೇಳಬಹುದು. ಬೇಡವೆನ್ನಲು ನನಗೆ ಧೈರ್ಯವಿಲ್ಲ. ಅಂಕವಿಲ್ಲದ ಕಾಲದಲ್ಲಿ ನೌಕರಿ ಸಿಗುತ್ತಿದ್ದದ್ದು ಯಾರ ಮಗ, ಯಾವ ಮನೆತನ ಎಂಬುದನ್ನು ನೋಡಿ. ಮುಂಬಯಿ ಇಲಾಖೆಯಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆಯಿತ್ತು. ಮುಲ್ಕಿ ಪಾಸಾದ ಬಡವರ ಮಗ ಕನ್ನಡ ಶಾಲೆಯ ಮಾಸ್ತರನಾಗಿ ಊರಿನಲ್ಲಿ ತಲೆಯೆತ್ತಿ ನಡೆದದ್ದು ಆ ಒಂದು ಕಾಗದದ ಬಲದಿಂದ. ಪರಿಚಯದವರಿಲ್ಲದವನಿಗೆ ಅಂಕವೇ ಪರಿಚಯ. ಬೆಲ್ಲದ ಪೇಟೆಯನ್ನು ಬಲ್ಲವರಿಗೆ ಇನ್ನೊಂದು ಮಗ್ಗುಲೂ ಗೊತ್ತು. ಅಡತಿ ಅಂಗಡಿಯಲ್ಲಿ ಬೆಲ್ಲಕ್ಕೆ ದರ್ಜೆ ಕೊಡುವುದು ಬಣ್ಣವನ್ನು ನೋಡಿ. ಬಣ್ಣಕ್ಕೆ ದರವಿದೆಯೆಂದು ತಿಳಿದಮೇಲೆ, ಬೆಂಡೆಯ ಗಿಡದ ಲೋಳೆಯಿಂದ ಕೊಳೆ ತೆಗೆಯುತ್ತಿದ್ದ ಗಾಣದ ಮನೆಗಳಿಗೆ ಬಿಳುಪಿನ ಪುಡಿ ಬಂತು. ದರ್ಜೆ ಏರಿತು, ರುಚಿ ಉಳಿಯಲಿಲ್ಲ. ಪ್ರಶ್ನೋತ್ತರದ ಗೈಡುಗಳನ್ನು ಉರುಹೊಡೆಸುವ ಮಾಸ್ತರರೂ ಆ ಪುಡಿಯನ್ನೇ ಹಾಕುತ್ತಾರೆ. ಪೇಟೆ ಬಣ್ಣವನ್ನು ಕೇಳುವವರೆಗೆ ಅವರನ್ನು ಮಾತ್ರ ಬೈದು ಫಲವಿಲ್ಲ.

ಕೊನೆಗೆ ಮಾಡಬಹುದಾದ ಒಂದು ಕೆಲಸವನ್ನು ಹೇಳುತ್ತೇನೆ. ಫಲಿತಾಂಶದ ನಂತರ ಮಂಡಳಿ ಶುಲ್ಕ ಪಡೆದು ಉತ್ತರಪತ್ರಿಕೆಯ ಪ್ರತಿಯನ್ನು ಕೊಡುತ್ತದೆ. ಅಂಕ ಹೆಚ್ಚಿಸಿಕೊಳ್ಳಲು ಮಾತ್ರ ಅದನ್ನು ತರಿಸುವ ರೂಢಿಯಿದೆ. ನಿಜವಾಗಿ ಅದನ್ನು ತರಿಸಬೇಕಾದದ್ದು ಓದುವುದಕ್ಕೆ. ಊರಿನ ಮಾಸ್ತರರೊಬ್ಬರನ್ನು ಕೂಡಿಸಿಕೊಂಡು, ಮಗಳನ್ನೂ ಹತ್ತಿರ ಕೂಡಿಸಿಕೊಂಡು, ಅಂಕ ಎಲ್ಲೆಲ್ಲಿ ಹೋಯಿತೆಂದು ಬೆರಳಿಟ್ಟು ನೋಡಿರಿ. ತರಗತಿಯ ಸರಾಸರಿ ಎಷ್ಟಿತ್ತೆಂದು ಮುಖ್ಯೋಪಾಧ್ಯಾಯರನ್ನು ಕೇಳಿರಿ. ಗಣಿತ ಬಾರದೆಂದು ಇಡೀ ಮನೆ ನಂಬಿದ ಹುಡುಗಿಯ ಪತ್ರಿಕೆಯಲ್ಲಿ ನೇರ ಲೆಕ್ಕಗಳೆಲ್ಲ ಸರಿಯಿದ್ದು, ನಾಲ್ಕು ಸಾಲಿನ ಮಾತಿನಲ್ಲಿ ಕೇಳಿದ ಲೆಕ್ಕಗಳನ್ನು ಆಕೆ ಮುಟ್ಟದೇ ಬಿಟ್ಟಿರಬಹುದು. ಹಾಗಿದ್ದರೆ ತೊಡಕಿರುವುದು ಗಣಿತದಲ್ಲಲ್ಲ, ಓದಿನಲ್ಲಿ. ಇನ್ನೊಬ್ಬಳ ಪತ್ರಿಕೆಯಲ್ಲಿ ದಾರಿ ಎಲ್ಲ ಕಡೆ ಸರಿಯಿದ್ದು, ಭಿನ್ನರಾಶಿ ಬಂದಲ್ಲೆಲ್ಲ ಕಾಲು ಜಾರಿರಬಹುದು. ಅವಳಿಗೆ ಬೇಕಾದದ್ದು ಹತ್ತನೆಯ ತರಗತಿಯ ಟ್ಯೂಶನ್ನಲ್ಲ. ಐದನೆಯ ಇಯತ್ತೆಯ ಗಣಿತದ ಪುಸ್ತಕ, ಮತ್ತು ಅದನ್ನು ಹೇಳಿಕೊಡುವವರ ಒಂದು ತಿಂಗಳ ಸಂಜೆಗಳು.